ಪ್ರೌಢಶಾಲೆಗಳಲ್ಲಿ ಕಸಬಿನ ಶಿಕ್ಷಣ: ಕಪಿಲಾತೀರದ ಎರಡು ತಾಲ್ಲೂಕುಗಳನ್ನು ಕುರಿತು

ಉದ್ಯೋಗ, ವೃತ್ತಿ, ಕಸಬು, ಕಾಯಕ ಎಂಬ ನಾಲ್ಕು ಮಾತುಗಳನ್ನು ನಾವು ಈಗ ಹೆಚ್ಚುಕಡಮೆ ಒಂದೇ ಅರ್ಥದಲ್ಲಿ ಬಳಸುತ್ತಿರುವೆವಾದರೂ ಅವುಗಳ ಹುಟ್ಟು ಬೇರೆಬೇರೆಯಾದುದು. ಉದ್ಯೋಗವೆಂದರೆ ಮೊದಲಿಗೆ ಪ್ರಯತ್ನ, ಸನ್ನಾಹ. ಭಾರತದ ಉದ್ಯೋಗಪರ್ವಕ್ಕೂ ಸಂಬಳಕ್ಕೂ ಸಂಬಂಧವಿಲ್ಲ. ವೃತ್ತಿಯೆಂಬುದು ಜೀವನೋಪಾಯವಾಗಿದ್ದುದಲ್ಲದೆ ಅಗ್ರಹಾರದ ಶಾಸನಗಳಲ್ಲಿ ದತ್ತಿಯಾಗಿ ಬಂದ ಭೂಮಿಯ ಒಂದು ಪಾಲೆಂಬ ಅರ್ಥವನ್ನೂ ಪಡೆದಿತ್ತು. ಕಸಬು ಅರಬ್ಬಿ ಮೂಲದ್ದು. ಗಳಿಕೆಯೆಂಬುದು ಅದರ ತಿರುಳು. ಕಾಯಕವು ವಚನಕಾರರಿಂದ ಬೇರೊಂದು ಎತ್ತರವನ್ನು ಪಡೆದ ಮಾತು. ಪ್ರೌಢಶಾಲೆಯ ಮಕ್ಕಳಿಗೆ ಜೀವನೋಪಾಯಕ್ಕಾಗಿ ಕಲಿಸತಕ್ಕ ಪಾಠಕ್ಕೆ ಸರಕಾರದ ಕಾಗದಗಳಲ್ಲಿ ವೃತ್ತಿಶಿಕ್ಷಣವೆಂದು ಹೆಸರು. ಊರಿನಲ್ಲಿ ಕೇಳಿದರೆ ಜನರು ಕಸಬು ಕಲಿಸುತ್ತಾರೆ ಎನ್ನುವರು. ಈ ಎರಡು ಹೆಸರುಗಳ ನಡುವಣ ದೂರವೇ ಪ್ರಕೃತ ಲೇಖನದ ವಿಷಯ.

ಕಪಿಲೆಯ ದಡದಲ್ಲಿರುವ ನಂಜನಗೂಡನ್ನೂ, ಅದೇ ಕಪಿಲೆಯು ಕಾವೇರಿಯನ್ನು ಕೂಡುವೆಡೆಯಲ್ಲಿರುವ ತಿರುಮಕೂಡಲು ನರಸೀಪುರವನ್ನೂ ಉದಾಹರಣೆಗೆ ಆರಿಸಿಕೊಂಡುದಕ್ಕೆ ಕಾರಣವುಂಟು. ಶಾಸನಾಭ್ಯಾಸಿಗಳಿಗೆ ಈ ಎರಡು ತಾಲ್ಲೂಕುಗಳು ರೈಸರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 3ನೆಯ ಸಂಪುಟದಿಂದ ಪರಿಚಿತವಾದುವು. ತಲಕಾಡು, ಸೋಮನಾಥಪುರಗಳನ್ನು ಅರಿಯದವರಿಲ್ಲ. ಆದರೆ ಗುಡಿಗೋಪುರಗಳಿಗಾಗಿ ಅಲ್ಲಿಗೆ ಹೋಗತಕ್ಕ ನಾವು ಅಲ್ಲಿನ ಕೈಕೆಲಸವನ್ನು ನೋಡುವುದು ಕಡಮೆ. ಒಂದು ತಾಲ್ಲೂಕಿನಲ್ಲಿ ಖಾದಿಯ ಚರಿತ್ರೆಯಿದೆ, ಇನ್ನೊಂದರಲ್ಲಿ ರೇಷ್ಮೆಯದು.

ಮೈಸೂರು ಸಂಸ್ಥಾನದ ಕಾಲೇಜುಗಳು 1916ರಲ್ಲಿ ನಮ್ಮದೇ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಮದರಾಸಿನದಕ್ಕೆ ಸೇರಿದ್ದುವಾದುದರಿಂದ ಪ್ರೌಢಶಾಲೆಯ ಓದೂ ಅದರ ಬಾಗಿಲನ್ನೇ ನೋಡುತ್ತಿದ್ದಿತು. 1882ರ ಹಂಟರ್ ಆಯೋಗವು ಪ್ರೌಢಶಾಲೆಯನ್ನು ಎರಡು ಕವಲುಮಾಡಿ, ಒಂದನ್ನು ಕಾಲೇಜಿನ ಕಡೆಗೂ ಮತ್ತೊಂದನ್ನು ವ್ಯವಹಾರ, ಕೈಗಾರಿಕೆಗಳ ಕಡೆಗೂ ತಿರುಗಿಸಬೇಕೆಂದು ಸೂಚಿಸಿದ್ದರೂ ಎರಡನೆಯ ಕವಲು ದೇಶದಲ್ಲೆಲ್ಲೂ ಚೆನ್ನಾಗಿ ಚಿಗುರಲಿಲ್ಲ. ಮೈಸೂರಿನಲ್ಲಿ ಕಲೆ, ಮರಗೆಲಸ ಮೊದಲಾದುವುಗಳಿಗೆ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯೂ, ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1943ರಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯೂ ಏರ್ಪಟ್ಟುವು. ಅವು ಒಳ್ಳೆಯ ಸಂಸ್ಥೆಗಳೇ. ಆದರೆ ಪ್ರೌಢಶಾಲೆಯ ಹೊರಗಿನವು. ಪುಸ್ತಕವು ಒಂದು ಕಟ್ಟಡದಲ್ಲಿ, ಉಳಿಯು ಇನ್ನೊಂದರಲ್ಲಿ.

ಇದೇ ಕಾಲದಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ನಡೆದುದು ಗಮನಾರ್ಹವಾದುದು. 1927ರಲ್ಲಿ ಅಲ್ಲಿ ಖಾದಿಯ ಕೇಂದ್ರವು ಆರಂಭವಾಗಿ, ಸುತ್ತಣ ಹಳ್ಳಿಗಳ ಹೆಂಗಸರು ನೂಲತೊಡಗಿದರು. ಅದೇ ತಾಲ್ಲೂಕಿನ ತಗಡೂರಿನ ರಾಮಚಂದ್ರರಾಯರ ಹೆಸರು ಈ ಚಳವಳಿಯೊಡನೆ ಸೇರಿಹೋಗಿದೆ. ಅಲ್ಲಿ ಯಾವ ತರಗತಿಯೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಆದರೂ ಅರಳೆಯನ್ನು ಹಿಂಜಿ, ಹಂಜಿಮಾಡಿ, ಕದಿರಿನಲ್ಲಿ ನೂತು, ಲಡಿ ಕಟ್ಟುವವರೆಗಿನ ಕೆಲಸವನ್ನು ಒಬ್ಬರು ಮತ್ತೊಬ್ಬರಿಗೆ ಕಲಿಸಿದರು. ಹತ್ತು ವರ್ಷಗಳ ತರುವಾಯ, 1937ರಲ್ಲಿ, ವಾರ್ಧಾದಲ್ಲಿ ಗಾಂಧಿಯವರು ಕೈಕಸಬಿನ ಮೂಲಕವೇ ಎಲ್ಲ ವಿದ್ಯೆಯನ್ನೂ ಕಲಿಸಬೇಕೆಂಬ ಯೋಜನೆಯನ್ನು ಮುಂದಿಟ್ಟಾಗ ಅದರ ಹಿಂದೆ ಇಂತಹ ಕೇಂದ್ರಗಳ ಅನುಭವವಿತ್ತು. ಬದನವಾಳಿನ ಕೇಂದ್ರವು ಕಾಲಕ್ರಮದಲ್ಲಿ ಸೊರಗಿತು. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನರು ಅಲ್ಲಿ ಸತ್ಯಾಗ್ರಹವನ್ನು ನಡೆಸಿ ಕೈಉತ್ಪನ್ನಗಳ ಪ್ರಶ್ನೆಯನ್ನು ಮತ್ತೆ ನಾಡಿನ ಮುಂದಿಟ್ಟರು.

ಸ್ವಾತಂತ್ರ್ಯಾನಂತರದ ಯೋಜನೆಗಳನ್ನು ಬೇಗನೆ ದಾಟಬಹುದು. 1952-53ರ ಮುದಲಿಯಾರ್ ಆಯೋಗವು ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. 1964-66ರ ಕೊಠಾರಿ ಆಯೋಗವು ಕಾರ್ಯಾನುಭವವೆಂಬ ಮಾತನ್ನು ತಂದಿತು. ಕರ್ನಾಟಕವು 1977ರಿಂದೀಚೆಗೆ ಎಸ್.ಎಸ್.ಎಲ್.ಸಿ. ಆದವರಿಗೆ ಎರಡು ವರ್ಷದ ವೃತ್ತಿ ತರಗತಿಗಳನ್ನು ನಡೆಸಿ ಬಳಿಕ ನಿಲ್ಲಿಸಿತು. 1986ರ ರಾಷ್ಟ್ರೀಯ ನೀತಿಯು ಹತ್ತನೆಯ ತರಗತಿಯ ಮೇಲಣ ವಿದ್ಯಾರ್ಥಿಗಳಲ್ಲಿ ನೂರಕ್ಕೆ 10 ಮಂದಿಯನ್ನು 1990ರೊಳಗೂ 25 ಮಂದಿಯನ್ನು 1995ರೊಳಗೂ ಈ ಕವಲಿಗೆ ತರುವೆವೆಂದಿತು. 2020ರ ನೀತಿಯು 2025ರ ವೇಳೆಗೆ ನೂರಕ್ಕೆ 50ರಷ್ಟು ಕಲಿಯುವವರಿಗೆ ಇದರ ಪರಿಚಯವಾಗಬೇಕೆಂದಿತು. ಗುರಿಗಳು ಬೆಳೆದ ವೇಗದಲ್ಲಿ ಕಾರ್ಯಶಾಲೆಗಳು ಬೆಳೆಯಲಿಲ್ಲವೆಂದು ಹೇಳಿದರೆ ಕಟುವಾಗಲಾರದು.

ಈಗಣ ಏರ್ಪಾಡಿನ ತಳಹದಿ 2013ರ ಡಿಸೆಂಬರಿನಲ್ಲಿ ಕೇಂದ್ರಸರಕಾರವು ಪ್ರಕಟಿಸಿದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು. ಇದರಂತೆ 9ರಿಂದ 12ನೆಯ ತರಗತಿಯವರೆಗೆ ನಾಲ್ಕು ಮಟ್ಟಗಳ ಕಲಿಕೆಯಿದೆ. ಕರ್ನಾಟಕದ ಆಯ್ದ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್, ಚಿಲ್ಲರೆ ವ್ಯಾಪಾರ, ಸೌಂದರ್ಯಸೇವೆ ಮುಂತಾದ ವಿಷಯಗಳು ಬಂದಿವೆ. ಸಾಹಿತ್ಯದ ಅಧ್ಯಾಪಕರಾದ ವಾಚಕರು ಗಮನಿಸಬೇಕಾದ ಅಂಶವೊಂದು ಇಲ್ಲಿದೆ: ಎಸ್.ಎಸ್.ಎಲ್.ಸಿ.ಯಲ್ಲಿ ಈ ವಿಷಯವನ್ನು ಮೂರನೆಯ ಭಾಷೆಗೆ ಬದಲಾಗಿ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ನಡೆದುಬಂದಿದೆ. ಒಂದು ಭಾಷೆಯನ್ನು ಕೊಟ್ಟು ಒಂದು ಕಸಬನ್ನು ಕೊಳ್ಳುವುದು ಇದರ ಅರ್ಥ. ಭಾಷೆಯನ್ನು ಬಿಟ್ಟುದು ತಪ್ಪೆಂದು ನಾವು ವಾದಿಸುವುದಿಲ್ಲ. ಕೊಂಡುಕೊಂಡ ಕಸಬಾದರೂ ಮಗುವಿನ ಊರಿನ ಭಾಷೆಯಲ್ಲಿ ಮಾತನಾಡುತ್ತದೆಯೆ ಎಂಬುದೇ ನಮ್ಮ ಪ್ರಶ್ನೆ.

ನರಸೀಪುರದ ಕಡೆಯ ರೇಷ್ಮೆಯನ್ನೇ ನೋಡೋಣ. ಮೈಸೂರಿನಲ್ಲಿ 1912ರಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಕಚ್ಚಾ ರೇಷ್ಮೆಯನ್ನು ಒದಗಿಸತಕ್ಕ ನೂಲು ಬಿಚ್ಚುವ ಘಟಕವು ಈ ಊರಿನಲ್ಲಿದೆ. ಹುಳು ಸಾಕುವವರ ಮಾತು ಕೇಳತಕ್ಕದ್ದು. ಹುಳುವು ತನ್ನ ಸುಮಾರು 25 ದಿನಗಳ ಬಾಳಿನಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಕಳಚುವ ಮುನ್ನ ಸೊಪ್ಪು ಮುಟ್ಟದೆ ತಲೆಯೆತ್ತಿ ನಿಶ್ಚಲವಾಗಿರುವ ಆ ಅವಸ್ಥೆಗೆ ರೈತರು ಜ್ವರವೆಂದು ಹೆಸರಿಟ್ಟಿದ್ದಾರೆ. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸುವುದೇ ಅವರ ಪಂಚಾಂಗ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಅಪಾರವಾದುದು. ತನ್ನ ಬಾಳಿನಲ್ಲಿ ತಿನ್ನುವ ಹಿಪ್ಪುನೇರಳೆಯ ಬಹುಪಾಲನ್ನು ಅದು ಆ ಕೆಲವು ದಿನಗಳಲ್ಲಿಯೇ ತಿಂದುಬಿಡುತ್ತದೆ. ಬಳಿಕ ಮೈ ಹಳದಿಯಾಡಿ ಮಿಂಚಿದಾಗ ಹುಳು ಹಣ್ಣಾಯಿತೆನ್ನುವರು. ಹಣ್ಣಾದುದನ್ನು ಆರಿಸಿ, ಬಿದಿರಿನಿಂದ ಸುರುಳಿಸುರುಳಿಯಾಗಿ ಹೆಣೆದ ಚಂದ್ರಿಕೆಯ ಮೇಲೆ ಬಿಡುವರು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲಿದ ಮೇಲೆ ಎಳೆಯ ತುದಿಯನ್ನು ಹಿಡಿದು, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ನೂಲು ತೆಗೆಯುವರು. ಒಳ್ಳೆಯ ದ್ವಿತಳಿ ಗೂಡೊಂದರ ಎಳೆಯನ್ನು ಬಿಚ್ಚಿ ಚಾಚಿದರೆ ಸಾವಿರ ಮೀಟರುಗಳಷ್ಟಾಗುವುದುಂಟು.

ಜ್ವರ, ಹಣ್ಣು, ಚಂದ್ರಿಕೆ: ಮೂರೂ ರೂಪಕಗಳು. ಇವುಗಳನ್ನು ಕಟ್ಟಿದವರು ಯಾವ ಅಲಂಕಾರಶಾಸ್ತ್ರವನ್ನೂ ಓದಿದವರಲ್ಲ. ನರಸೀಪುರ ತಾಲ್ಲೂಕಿನ ಹುಡುಗಿಯೊಬ್ಬಳು ಮನೆಯಲ್ಲಿ ಈ ಮಾತುಗಳನ್ನಾಡಿ ಬಂದು, ಶಾಲೆಯ ಕನ್ನಡ ಗಂಟೆಯಲ್ಲಿ ರೂಪಕಕ್ಕೆ ಮುಖಕಮಲವನ್ನು ಉದಾಹರಿಸುತ್ತಾಳೆ. ವೃತ್ತಿಯ ಗಂಟೆಯಲ್ಲಿ ಚಿಲ್ಲರೆ ವ್ಯಾಪಾರದ ಇಂಗ್ಲಿಷ್ ಪರಿಭಾಷೆಯನ್ನು ಕಂಠಪಾಠ ಮಾಡುತ್ತಾಳೆ. ಅವಳ ಬಲ್ಲಿಕೆಯು ಎರಡು ಕಡೆಯೂ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯೇಳುವುದು ಸಹಜ, ಅದು ಬಲವಾದುದೂ ಹೌದು. ಊರಿನ ಕಸಬನ್ನೇ ಶಾಲೆಯಲ್ಲಿ ಕಲಿಸಿದರೆ ಕುರುಬನ ಮಗನು ಕುರಿಗೂ ಮೇದಾರನ ಮಗನು ಬಿದಿರಿಗೂ ಕಟ್ಟುಬೀಳುವುದಿಲ್ಲವೆ? ಮದರಾಸಿನಲ್ಲಿ 1953ರಲ್ಲಿ ರಾಜಾಜಿಯವರು ಪ್ರಾಥಮಿಕ ಶಾಲೆಯ ಗಂಟೆಗಳನ್ನು ಕಡಮೆಮಾಡಿ, ಉಳಿದ ವೇಳೆಯಲ್ಲಿ ಮಕ್ಕಳು ಮನೆಯ ಕೆಲಸವನ್ನು ಕಲಿಯಲೆಂದು ಯೋಜಿಸಿದಾಗ ಜನರು ಅದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಪ್ರತಿಭಟಿಸಿದರು. ಮರುವರ್ಷವೇ ಅದು ರದ್ದಾಯಿತು. ಆ ಪ್ರತಿಭಟನೆ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ತಪ್ಪಿದ್ದುದು ಕಸಬಿನಲ್ಲಲ್ಲ. ಅವರವರ ಮನೆಯ ಕಸಬನ್ನು ಅವರವರಿಗೇ ಹಂಚಿದುದರಲ್ಲಿ. ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಇವರ ಹೆಸರಿನೊಡನೆ ಕಸಬು ಉಳಿದುಬಂದುದು ಅವರ ಮಾತನ್ನು ಎಲ್ಲರೂ ಕೇಳಬೇಕಾಗಿ ಬಂದುದರಿಂದ. ಒಂದೇ ತರಗತಿಯಲ್ಲಿ ಎಲ್ಲ ಮನೆಗಳ ಮಕ್ಕಳೂ ಚಂದ್ರಿಕೆಯನ್ನು ಹೆಣೆಯುವುದನ್ನೂ, ಎಲ್ಲರೂ ಗಣಕಯಂತ್ರವನ್ನೂ ಕಲಿತರೆ ಕಸಬಿಗೆ ಕುಲದ ನಂಟು ಸಡಿಲುವುದೇ ಹೊರತು ಬಿಗಿಯುವುದಿಲ್ಲ.

ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಯಂತ್ರವನ್ನು ನಡೆಸಬಲ್ಲವರು ಬೇಕು. ಅದಕ್ಕೆ ಆಟೋಮೊಬೈಲಿನ ಪಾಠವು ಸಹಾಯವಾಗುವುದಾದರೆ ಅದನ್ನು ಬೇಡವೆನ್ನುವುದು ಹಳ್ಳಿಯ ಮಕ್ಕಳ ಅನ್ನಕ್ಕೆ ಅಡ್ಡಬಂದಂತೆ. ಆದರೆ ಆ ಪಾಠಕ್ಕೂ ಕನ್ನಡ ಬೇಕು. ತಿರುಪು, ಬಿಲ್ಲೆ, ಬೆಸುಗೆ, ಕೀಲು, ಗಾಲಿ ಎಂಬ ಮಾತುಗಳು ನಮ್ಮಲ್ಲಿವೆ. ಗೇರು, ಬೇರಿಂಗು, ಪಾನಾಗಳೂ ಗ್ಯಾರೇಜುಗಳಲ್ಲಿ ಕನ್ನಡವೇ ಆಗಿವೆ. ಗ್ಯಾರೇಜಿನವರು ಆಡುವ ಮಾತನ್ನು ಬಿಟ್ಟು ಪಠ್ಯಕಾರರು ಸಂಸ್ಕೃತದಿಂದ ಹೊಸದನ್ನು ಟಂಕಿಸಿದರೆ ಮಗುವಿಗೆ ಇಂಗ್ಲಿಷಿನಷ್ಟೇ ಅದೂ ಪರಕೀಯ.

2020ರ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಚೀಲವಿಲ್ಲದ ಅವಧಿಯನ್ನು ಸೂಚಿಸಿದೆ. ಆ ದಿನಗಳಲ್ಲಿ ಅವರು ಊರಿನ ಬಡಗಿ, ಕುಂಬಾರ ಮೊದಲಾದವರ ಬಳಿ ಕುಳಿತು ಕಲಿಯಬಹುದು. ಕನ್ನಡ ಅಧ್ಯಾಪಕರು ಆ ಹತ್ತು ದಿನಗಳಲ್ಲಿ ಮಕ್ಕಳ ಜೊತೆಗೇ ಹೋಗುವುದೊಳ್ಳೆಯದು. ಮಕ್ಕಳ ಕೈಯಲ್ಲಿ ಒಂದೊಂದು ಪುಸ್ತಿಕೆಯಿರಲಿ. ಕೇಳಿದ ಮಾತನ್ನು ಕೇಳಿದಂತೆಯೇ, ಆಡಿದವರ ಊರಿನೊಡನೆ ಬರೆದುಕೊಳ್ಳಲಿ. ಪ್ಲಾಸ್ಟಿಕ್ಕಿನ ಬಲೆಗಳು ಬಂದು ಬಿದಿರಿನ ಚಂದ್ರಿಕೆಯು ಈಗಾಗಲೇ ಹಿಂದೆ ಸರಿಯುತ್ತಿದೆ. ಅದರ ಸುರುಳಿಗೆ, ಅಂಚಿಗೆ, ಹಿಂದಣ ಊರೆಗೋಲಿಗೆ ಇರುವ ಹೆಸರುಗಳನ್ನು ಹೇಳಬಲ್ಲವರು ಹೆಣೆಯುವ ಮುದುಕರು ಮಾತ್ರ.