ಲೆಕ್ಕಪತ್ರದ ಸರ್ವರ್ ನಿಂತಾಗ ಮೊದಲು ಮಾಡಬೇಕಾದುದೇನು?



ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಸಲ್ಲಿಸಬೇಕಾದ ಅಂಗಡಿಯಲ್ಲಿ 10ರಂದು ಸರ್ವರ್ ಚಾಲನೆಗೊಳ್ಳದಿದ್ದರೆ ಉಂಟಾಗುವ ಸಂಕಟವನ್ನು ತಮಗೆ ವಿವರಿಸಬೇಕಾಗಿಲ್ಲ. ಯಂತ್ರ ಕೆಟ್ಟಿತ್ತೆಂಬ ಕಾರಣಕ್ಕೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕವಾಗಲಿ, ಬಾಕಿ ತೆರಿಗೆಯ ಮೇಲಿನ ಶೇ. 18ರ ಬಡ್ಡಿಯಾಗಲಿ ತಾನಾಗಿ ತಪ್ಪುವುದಿಲ್ಲ. ಆದುದರಿಂದ ತಂತ್ರಜ್ಞರು ಬೆಳಗಾವಿಯಿಂದ ಬರುವವರೆಗೆ ಮಾಲೀಕರು ತಾವೇ ನೋಡಬಹುದಾದ ಕೆಲವು ಅಂಶಗಳನ್ನು ಇಲ್ಲಿ ಪ್ರಸ್ತಾಪಿಸಲಾಗಿದೆ.

ಸರ್ವರ್ ನಿಂತ ಕೂಡಲೆ ಅದನ್ನು ನಾಲ್ಕಾರು ಬಾರಿ ಆರಿಸಿ ಹಚ್ಚುವುದು ನಮ್ಮಲ್ಲಿಯ ರೂಢಿ. ಹಾರ್ಡ್ ಡಿಸ್ಕ್ ದುರ್ಬಲವಾಗಿದ್ದರೆ ಇದರಿಂದ ಅದು ಪೂರ್ತಿ ಹಾಳಾಗುವ ಸಂಭವವುಂಟು. ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದಲ್ಲಿ ಯಂತ್ರವನ್ನು ಆರಿಸಿ ಹಾಗೆಯೇ ಬಿಡತಕ್ಕದ್ದು. ಯಂತ್ರ ನಿಧಾನವಾಗಿಯಾದರೂ ನಡೆಯುತ್ತಿದ್ದಲ್ಲಿ, ದುರಸ್ತಿಗೆ ಮುನ್ನವೇ ಲೆಕ್ಕದ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿರಿಸಬೇಕು. ಹಳೆಯ ಬ್ಯಾಕಪ್ಪಿನ ಮೇಲೆಯೇ ಬರೆಯಬಾರದು.

ತರುವಾಯ ವಿದ್ಯುತ್ತಿನ ಕಡೆ ನೋಡಬೇಕು. ಗೋಕಾಕ, ಮೂಡಲಗಿಗಳಿಗೆ ಹೆಸ್ಕಾಂ, ಹುಕ್ಕೇರಿ ತಾಲ್ಲೂಕಿಗೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ವಿದ್ಯುತ್ ಪೂರೈಸುತ್ತವೆ. ಯಾರು ಪೂರೈಸಿದರೂ ಕಟ್ಟಡದೊಳಗಿನ ಅರ್ಥಿಂಗ್ ಮಾಲೀಕರ ಹೊಣೆಯೇ. ಯುಪಿಎಸ್ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಸೋಲುತ್ತದೆ. ಸರ್ವರ್ ಕೆಟ್ಟಿದೆಯೆಂದು ಸಾಗಿಸಿದ ಮೇಲೆ ದೋಷ ಯುಪಿಎಸ್‌ನಲ್ಲಿತ್ತೆಂದು ತಿಳಿಯುವುದು ಅಪರೂಪವಲ್ಲ. ಕೇಬಲ್ ಬದಲಿಸಿ, ಬೇರೆ ಸಾಕೆಟ್ಟಿಗೆ ಹಾಕಿ ನೋಡಲು ಖರ್ಚೇನೂ ಇಲ್ಲ.

ದೀಪ ಹತ್ತಿ, ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಬೀಪ್ ಸದ್ದನ್ನು ಎಣಿಸಿ ಬರೆದಿಡಿರಿ; ಅದರ ಅರ್ಥ ಯಂತ್ರದ ಕೈಪಿಡಿಯಲ್ಲಿರುತ್ತದೆ. ಅನೇಕ ವೇಳೆ ಮೆಮೊರಿ ಪಟ್ಟಿಯನ್ನು ಬಿಚ್ಚಿ, ಒರೆಸಿ, ಒಂದೊಂದಾಗಿ ಮರಳಿ ಕೂಡಿಸಿದರೆ ಸಾಕಾಗುತ್ತದೆ. ವಿದ್ಯುತ್ ತಂತಿ ಬಿಚ್ಚಿದ ಬಳಿಕವೇ ಇದನ್ನು ಮಾಡತಕ್ಕದ್ದು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಎರಡನ್ನು ಕೂಡಿಸಿ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂಬುದು ತಿಳಿಯುವುದೇ ಇಲ್ಲ. ಅರ್ಧ ತಾಸಿಗೊಮ್ಮೆ ತಾನಾಗಿ ಆರುವ ಯಂತ್ರಕ್ಕೆ ಬಹುಮಟ್ಟಿಗೆ ಶಾಖವೇ ಕಾರಣ. ಹತ್ತಿಯ ನಾರು, ಹಿಟ್ಟಿನ ಧೂಳು ತುಂಬುವ ಕಡೆಗಳಲ್ಲಿ ಫ್ಯಾನನ್ನು ಮೊದಲು ನೋಡಬೇಕು. ಇನ್ನೊಂದು ದೋಷ ಲೆಕ್ಕಿಗರ ಕಣ್ಣಿಗೇ ಮೊದಲು ಬೀಳುವಂಥದು: ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿ ಮುಗಿದರೆ ಗಡಿಯಾರ ಹಿಂದೆ ಬೀಳುತ್ತದೆ, ಬಿಲ್ಲುಗಳ ಮೇಲೆ ಹಳೆಯ ತಾರೀಖು ಬರಬಹುದು.

ಎರಡು ಡಿಸ್ಕುಗಳಲ್ಲಿ ಒಂದೇ ಲೆಕ್ಕ ಬರೆಯುವ ರೇಡ್ ವ್ಯವಸ್ಥೆಯನ್ನು ಹಲವರು ಬ್ಯಾಕಪ್ ಎಂದೇ ನಂಬಿದ್ದಾರೆ. ಅದು ಬ್ಯಾಕಪ್ ಅಲ್ಲ. ಕಡತವನ್ನು ಅಳಿಸಿದರೆ ಎರಡರಿಂದಲೂ ಅಳಿಯುತ್ತದೆ. ಒಂದು ಡಿಸ್ಕ್ ಸತ್ತರೂ ಕೆಲಸ ನಡೆಯುವುದರಿಂದ ಕೆಂಪು ದೀಪವನ್ನು ತಿಂಗಳುಗಟ್ಟಲೆ ಯಾರೂ ಗಮನಿಸುವುದಿಲ್ಲ. ಬದಲಿಸುವಾಗ ಸೀರಿಯಲ್ ಸಂಖ್ಯೆ ತಾಳೆ ನೋಡದೆ ಒಳ್ಳೆಯ ಡಿಸ್ಕನ್ನೇ ಹೊರಗೆಳೆಯುವ ಅಪಾಯವೂ ಇದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಿದೆ. ಆಕಸ್ಮಿಕದಿಂದ ದಾಖಲೆ ನಾಶವಾದರೂ ಸಮಂಜಸ ಕಾಲದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇರಿಸಬೇಕೆಂದು ಜಿಎಸ್‌ಟಿ ನಿಯಮ 57 ವಿಧಿಸುತ್ತದೆ. ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಕಾಯ್ದಿರಿಸಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ 2022ರ ತಿದ್ದುಪಡಿಯಂತೆ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನದ ಬ್ಯಾಕಪ್ ಕಡ್ಡಾಯ.

2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೀರು ಗೋಕಾಕ ಪಟ್ಟಣದೊಳಗೆ ನುಗ್ಗಿದ್ದನ್ನು ನಾವಾರೂ ಮರೆತಿಲ್ಲ. ಸರ್ವರ್ ಹಾಗೂ ಬ್ಯಾಕಪ್ ಡಿಸ್ಕ್ ಒಂದೇ ಕಪಾಟಿನಲ್ಲಿದ್ದರೆ ಎರಡೂ ಒಟ್ಟಿಗೇ ಮುಳುಗುತ್ತವೆ. ಒಂದು ಪ್ರತಿ ಬೇರೆ ಊರಿನಲ್ಲೋ, ಎತ್ತರದ ಮನೆಯಲ್ಲೋ ಇರಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಅದನ್ನು ತೆಗೆದ ದಿನದ ಟ್ರಯಲ್ ಬ್ಯಾಲೆನ್ಸನ್ನು ಅಂಗಡಿಯ ಲೆಕ್ಕದೊಡನೆ ತಾಳೆ ನೋಡಿರಿ. ಕಡತ ತೆರೆಯದಿದ್ದರೆ ತಂತ್ರಜ್ಞರನ್ನು ಅಂದೇ ಕರೆಸತಕ್ಕದ್ದು.