ಗಿನಿಪಿಗ್ ಗುಂಪಿಗೆ ಹೊಸ ಗಂಡು

ಗಿನಿಪಿಗ್ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಆದರೂ ಇರುವ ಗುಂಪಿಗೆ ಹೊಸ ಗಂಡನ್ನು ತಂದ ದಿನವೇ ಬಿಡುವಂತಿಲ್ಲ.

ಮೊದಲು ಎರಡು-ಮೂರು ವಾರ ಬೇರೆ ಕೋಣೆ. ಹೇನು, ಕಜ್ಜಿ, ಉಸಿರಾಟದ ಸೋಂಕು ಇದ್ದರೆ ಅಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ.

ಗುಂಪಿನಲ್ಲಿ ಹೆಣ್ಣುಗಳಿದ್ದರೆ ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಲೇಬೇಕು. ಆದಮೇಲೂ ಆರು ವಾರ ಕಾಯಬೇಕು. ಕೂಡಲೇ ಬಿಟ್ಟರೆ ಹೆಣ್ಣು ಗಬ್ಬವಾಗಬಹುದು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದರಿಂದ ಆ ಸುತ್ತಿನವರು ಈ ಶಸ್ತ್ರಚಿಕಿತ್ಸೆಯ ಬಗ್ಗೆ ಅಲ್ಲಿ ವಿಚಾರಿಸಬಹುದು. ಹೆಣ್ಣುಗಳ ನಡುವೆ ಒಂದೇ ಗಂಡು ಸಾಕು. ಎರಡಾದರೆ ಕಾದಾಟ ತಪ್ಪದು.

ಮೊದಲ ಭೇಟಿ ಹಳೆಯ ಗೂಡಿನಲ್ಲಿ ಬೇಡ. ಯಾವ ಪ್ರಾಣಿಯ ವಾಸನೆಯೂ ಇಲ್ಲದ ವಿಶಾಲ ನೆಲದಲ್ಲಿ ಹುಲ್ಲಿನ ರಾಶಿಗಳನ್ನು ಹಾಕಿ, ಎರಡು ಬಾಯಿಯ ಅಡಗುತಾಣಗಳನ್ನಿಡಬೇಕು. ಗಂಡು ಗುರುಗುಟ್ಟುತ್ತ ಸೊಂಟ ಆಡಿಸುವುದು, ಬೆನ್ನಟ್ಟುವುದು, ಮೇಲೇರುವುದು ಸಹಜ. ಇದನ್ನು ಕಂಡು ಗಾಬರಿಯಿಂದ ಬೇರ್ಪಡಿಸಿದರೆ ಪರಿಚಯ ಮತ್ತೆ ಮೊದಲಿನಿಂದ. ಕೂದಲು ನಿಮಿರಿ, ಹಲ್ಲು ಕಟಕಟಿಸುವ ಸದ್ದು ನಿಲ್ಲದಿದ್ದರೆ ಮಾತ್ರ ಎಚ್ಚರ. ರಕ್ತ ಕಂಡರೆ ತಕ್ಷಣ ಬಿಡಿಸಬೇಕು, ಬರಿಗೈಯಿಂದಲ್ಲ, ದಪ್ಪ ಟವೆಲ್‌ನಿಂದ.

ಮಾರ್ಚ್, ಏಪ್ರಿಲ್‌ನಲ್ಲಿ ಈ ಕೆಲಸ ಬೆಳಗಿನ ತಂಪಿನಲ್ಲೇ ಆಗಬೇಕು. 30 ಡಿಗ್ರಿ ಸೆಲ್ಸಿಯಸ್‌ನ ಸೆಕೆಯೂ ಗಿನಿಪಿಗ್‌ನ ಜೀವಕ್ಕೆ ಅಪಾಯ.