ದಾದಾರ ಪದ್ಮಿನಿಗೆ ಹೊಸ ಟೈರು

ನಮ್ಮ ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರಿದೆ. ದಾದಾ ಅದನ್ನು ಇವತ್ತಿಗೂ ಫಿಯೆಟ್ ಎಂದೇ ಕರೆಯುತ್ತಾರೆ. 1089 ಸಿ.ಸಿ. ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಜುಮಾ ದಿನ ಮಸೀದಿಗೆ, ಮದುವೆ ಇದ್ದರೆ ಊರಿಂದೂರಿಗೆ, ಅಷ್ಟೇ ಅದರ ಓಡಾಟ. ಹಾಗಾಗಿ ಟೈರುಗಳು ಸವೆದೇ ಇರಲಿಲ್ಲ. ಕಚ್ಚುಗಳು ಹೊಸದರಂತೆ ಆಳವಾಗಿದ್ದವು. ನಾವು ಮೋಸ ಹೋದದ್ದು ಅಲ್ಲೇ.

ಕಳೆದ ವರ್ಷ ಚಾಚಾನ ಮಗಳ ನಿಕಾಹ್ ಮುಗಿಸಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವಾಗ ಮುಂದಿನ ಎಡ ಟೈರು ಒಡೆಯಿತು. ಹಿಂದಿನ ಸೀಟಿನಲ್ಲಿ ಅಮ್ಮಿ, ದಾದಿ ಮತ್ತು ನಾನು. ಕಾರು ಒಮ್ಮೆಲೇ ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆ ಬದಿಯ ಮಣ್ಣಿನಲ್ಲಿ ನಿಂತಿತು. ಅಬ್ಬಾ ಬ್ರೇಕನ್ನು ಜೋರಾಗಿ ಒತ್ತದೆ ಸ್ಟೇರಿಂಗ್ ಬಿಗಿಯಾಗಿ ಹಿಡಿದದ್ದರಿಂದ ಪಲ್ಟಿಯಾಗಲಿಲ್ಲ. ಅಲ್ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಡಿಕ್ಕಿಯಿಂದ ಸ್ಟೆಪ್ನಿ ತೆಗೆದು ಹಾಕಿ ಮನೆ ಸೇರಿದೆವು. ಮರುದಿನ ಆ ಸ್ಟೆಪ್ನಿಯ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ ನೋಡಿದೆ: 1406. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2006ನೇ ಇಸವಿಯ 14ನೇ ವಾರ ತಯಾರಾದದ್ದು. ಅಂದರೆ ನಮ್ಮನ್ನು ಮನೆ ಮುಟ್ಟಿಸಿದ ಟೈರು ನನಗಿಂತ ವಯಸ್ಸಿನಲ್ಲಿ ದೊಡ್ಡದು! ರಬ್ಬರು ಓಡಿಸಿದರಷ್ಟೇ ಅಲ್ಲ, ಸುಮ್ಮನೆ ನಿಂತರೂ ಗಟ್ಟಿಯಾಗುತ್ತದೆ, ಪಕ್ಕಗಳಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಒಡೆದ ಟೈರಿನಲ್ಲೂ ಅಂಥ ಬಿರುಕುಗಳಿದ್ದವು. ನಾವು ನೋಡಿರಲಿಲ್ಲ.

ಐದೂ ಟೈರು ಬದಲಿಸಬೇಕು ಎಂದಾಯಿತು. ಹಳೆಯ ಟೈರಿನ ಮೇಲಿದ್ದ ಅಳತೆ 5.20-14. ದಾದಾ ಅದನ್ನೇ ಬೇಕೆಂದರು, ಅದು ಸರಿಯೂ ಹೌದು. ಹೊಚ್ಚ ಹೊಸದು ಸಿಕ್ಕರೆ ಕಂಪನಿ ಹೇಳಿದ ಅಳತೆಗಿಂತ ಉತ್ತಮವಾದದ್ದಿಲ್ಲ. ಆದರೆ ನಮಗೆ ಸಿಕ್ಕ ಎರಡು ಜೊತೆಯೂ ಹಳೇ ದಾಸ್ತಾನು. ಅಂಗಡಿಯವರು, "ಸಾಬ್ರೇ, ಆ ನೈಲಾನ್ ಕಾಲ ಮುಗೀತು. 175/65 R14 ಸ್ಟಾಕಿದೆ, ಅದೂ ಹದಿನಾಲ್ಕೇ, ಕೂರುತ್ತೆ, ಹಾಕಿಸ್ಕೊಳ್ಳಿ" ಎಂದರು. ದಾದಾ ನನ್ನ ಕಡೆ ತಿರುಗಿ, "ನೀನು ಸೈನ್ಸ್ ಓದ್ತೀಯಲ್ಲ ಬೇಟಿ, ಇದು ಸರೀನಾ ನೋಡಿ ಹೇಳು" ಎಂದುಬಿಟ್ಟರು. ಎರಡು ದಿನ ಟೈಮ್ ಕೇಳಿದೆ.

ಮೊದಲು ಈ ಅಂಕಿಗಳನ್ನು ಓದುವುದು ಹೇಗೆ ಎಂದು ತಿಳಿಯಬೇಕು. 5.20-14ರಲ್ಲಿ ಎರಡೂ ಇಂಚು: ಟೈರಿನ ಅಗಲ 5.20 ಇಂಚು, ಅಂದರೆ 132 ಮಿಲಿಮೀಟರ್. ರಿಮ್ಮಿನ ವ್ಯಾಸ 14 ಇಂಚು. ಟೈರಿನ ಗೋಡೆ ಎಷ್ಟು ಎತ್ತರ ಎಂದು ಇದರಲ್ಲಿ ಬರೆದೇ ಇಲ್ಲ. ಆಗಿನ ಟೈರುಗಳಲ್ಲಿ ಗೋಡೆ ಹೆಚ್ಚುಕಡಿಮೆ ಅಗಲದಷ್ಟೇ ಎತ್ತರ ಇರುತ್ತಿದ್ದುದರಿಂದ ಬರೆಯುವ ಅಗತ್ಯ ಬೀಳಲಿಲ್ಲ. 175/65 R14 ಎಂಬುದು ಮಾತ್ರ ವಿಚಿತ್ರ ಕಿಚಡಿ. 175 ಮಿಲಿಮೀಟರಿನಲ್ಲಿ ಅಗಲ, 65 ಶೇಕಡಾವಾರು (ಗೋಡೆಯ ಎತ್ತರ ಅಗಲದ ನೂರಕ್ಕೆ 65), 14 ಮತ್ತೆ ಇಂಚು. ಮೂರು ಬಗೆಯ ಮಾನ ಒಂದೇ ಸಾಲಿನಲ್ಲಿ! ನಮ್ಮ ಫಿಸಿಕ್ಸ್ ಪೇಪರಿನಲ್ಲಿ ಹೀಗೆ ಬರೆದರೆ ಅಂಕ ಸಿಗುವುದಿಲ್ಲ. ಇನ್ನು R ಎಂದರೆ ರೇಡಿಯಸ್ ಎಂದು ನಾನೂ ತಿಳಿದಿದ್ದೆ, ನನ್ನ ಗೆಳತಿಯರೂ ತಿಳಿದಿದ್ದರು. ಅಲ್ಲ, ಅದು ರೇಡಿಯಲ್.

ಹಳೆಯ ನೈಲಾನ್ ಟೈರಿನ ಒಳಗಿನ ದಾರಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡ ಹಾಯ್ದಿರುತ್ತವೆ. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹೋಗುತ್ತವೆ, ನೆಲ ಮುಟ್ಟುವ ಭಾಗಕ್ಕೆ ಉಕ್ಕಿನ ತಂತಿಯ ಪಟ್ಟಿ ಸುತ್ತಿರುತ್ತಾರೆ. ಫ್ರಾನ್ಸಿನ ಮಿಷೆಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ಗೋಡೆ ಮೆತ್ತಗೆ ಬಾಗುತ್ತದೆ, ತಳ ನೆಲವನ್ನು ಚಪ್ಪಟೆಯಾಗಿ ಹಿಡಿದಿರುತ್ತದೆ. ತಿರುವಿನಲ್ಲಿ ಎರಡೂ ಬೇರೆ ಬೇರೆ ರೀತಿ ವರ್ತಿಸುವುದರಿಂದ ಒಂದೇ ಅಚ್ಚಿನಲ್ಲಿ ಒಂದು ಕಡೆ ನೈಲಾನ್, ಇನ್ನೊಂದು ಕಡೆ ರೇಡಿಯಲ್ ಎಂದೂ ಹಾಕಬಾರದು. ಎರಡೇ ಕೊಳ್ಳಲು ಹಣವಿದ್ದರೆ ರೇಡಿಯಲ್ ಹಿಂದಿನ ಚಕ್ರಗಳಿಗೆ ಹೋಗಬೇಕು. ಮುಂದೆ ಹಾಕಿದರೆ ತಿರುವಿನಲ್ಲಿ ಮೂತಿ ಹಿಡಿತದಲ್ಲಿದ್ದು ಬಾಲ ಜಾರುತ್ತದೆ.

ಈಗ ಲೆಕ್ಕ. ಸವೆಯದ ಸ್ಟೆಪ್ನಿಗೆ ಗಾಳಿ ತುಂಬಿಸಿ ಗೋಡೆಗೆ ನಿಲ್ಲಿಸಿ ಅಳೆದೆ: ಪೂರ್ತಿ ವ್ಯಾಸ 608 ಮಿ.ಮೀ. ಹೊಸ ಟೈರುಗಳಿಗೆ ಅಳೆಯಬೇಕಿಲ್ಲ, ಹೆಸರಿನಲ್ಲೇ ಎಲ್ಲ ಇದೆ. 14 ಇಂಚು ಎಂದರೆ 355.6 ಮಿ.ಮೀ. 175ರ ನೂರಕ್ಕೆ 65 ಎಂದರೆ 113.75. ಗೋಡೆ ಮೇಲೊಂದು ಕೆಳಗೊಂದು, ಆದ್ದರಿಂದ ಎರಡರಿಂದ ಗುಣಿಸಿ ರಿಮ್ಮಿಗೆ ಕೂಡಿಸಿದರೆ 583. ಹಳೆಯದಕ್ಕಿಂತ ನೂರಕ್ಕೆ 4 ಕಡಿಮೆ. ಇದರಿಂದ ಏನಾಗುತ್ತದೆ? ಸ್ಪೀಡೋಮೀಟರ್ ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ದಾರಿಯನ್ನಲ್ಲ. ಮುಳ್ಳು 60 ತೋರಿಸುವಾಗ ಕಾರು ನಿಜವಾಗಿ 57.5ರಲ್ಲಿ ಹೋಗುತ್ತಿರುತ್ತದೆ. ಎಂಜಿನ್ ಅಷ್ಟೇ ದೂರಕ್ಕೆ ಹೆಚ್ಚು ತಿರುಗಬೇಕು. ಕಾರಿನ ಹೊಟ್ಟೆ ನೆಲಕ್ಕೆ 12 ಮಿ.ಮೀ. ಹತ್ತಿರ ಬರುತ್ತದೆ. ನಮ್ಮ ಬೀದಿಯ ಹಂಪುಗಳನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ವ್ಯತ್ಯಾಸ ನೂರಕ್ಕೆ 3ರ ಒಳಗಿರಲಿ ಎಂಬುದು ಕೆಲಸ ಬಲ್ಲವರ ರೂಢಿ.

165/80 R14 ನೋಡಿದೆ. ಸ್ವಿಫ್ಟ್ ಕಾರುಗಳಿಗೆ ಬರುತ್ತಿದ್ದ ಅಳತೆ, ಎಲ್ಲ ಕಡೆ ಸಿಗುತ್ತದೆ. ವ್ಯಾಸ 619.6, ನೂರಕ್ಕೆ 2ರಷ್ಟು ಹೆಚ್ಚು. ಕಾಗದದ ಮೇಲೆ ಪಾಸ್. ಖುಷಿಯಿಂದ ದಾದಾಗೆ ಹೇಳಿದೆ. ನಮ್ಮ ಮೆಕ್ಯಾನಿಕ್ ಚಾಚಾ ಮಾತ್ರ ನಕ್ಕರು. "ವ್ಯಾಸ ಆಯ್ತು, ಅಗಲ?" ಎಂದರು. 132ರ ಜಾಗದಲ್ಲಿ 165 ಬಂದರೆ 33 ಮಿ.ಮೀ. ಎಲ್ಲಿಗೆ ಹೋಗಬೇಕು? ಅಂಗಡಿಯವರು ಒಳ್ಳೆಯವರು, ಸ್ಟೆಪ್ನಿಯ ರಿಮ್ಮಿಗೆ ಒಂದು ಟೈರು ಕೂರಿಸಿ ಪರೀಕ್ಷೆಗೆ ಕೊಟ್ಟರು. ಅದನ್ನು ಮುಂದಿನ ಚಕ್ರಕ್ಕೆ ಹಾಕಿ, ಮನೆಯ ಐದು ಜನರನ್ನು ಒಳಗೆ ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಡಚಿದ ರಟ್ಟು ತೂರಿಸಿ ನೋಡಿದೆವು. ಖಾಲಿ ಕಾರಿನಲ್ಲಿ ಸಲೀಸಾಗಿ ಹೋದ ರಟ್ಟು ಜನ ಕೂತಾಗ ಒಂದು ಕಡೆ ಸಿಕ್ಕಿಕೊಂಡಿತು. ತುಂಬಿದ ಕಾರು ಗುಂಡಿಗೆ ಇಳಿದಾಗ ಅದೇ ಜಾಗ ಟೈರನ್ನು ಕೊಯ್ಯುತ್ತಿತ್ತು. ಅಲ್ಲದೆ ಪವರ್ ಸ್ಟೇರಿಂಗ್ ಇಲ್ಲದ ಕಾರಿಗೆ ಅಗಲ ಟೈರು ಹಾಕಿದರೆ ತಿರುಗಿಸುವಾಗ ದಾದಾರ ಭುಜಕ್ಕೇ ಭಾರ.

ಅಗಲ ಟೈರಿಗೆ ಇನ್ನೊಂದು ತೊಡಕಿದೆ. ಹಳೆಯ ಕಾರುಗಳ ರಿಮ್ ಕಿರಿದು. ಅದರ ಮೇಲೆ ಅಗಲ ಟೈರು ಕೂರಿಸಿದರೆ ಗೋಡೆಗಳು ಒಳಕ್ಕೆ ಎಳೆದುಕೊಂಡು ತಳ ಗುಂಡಗಾಗುತ್ತದೆ, ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ರಿಮ್ಮಿನ ಮೇಲೆ ಅಚ್ಚಾಗಿರುವ ಅಗಲವನ್ನು ಟೈರು ಕಂಪನಿಯ ಪಟ್ಟಿಗೆ ಹಿಡಿದು ನೋಡಬೇಕು.

ಹೀಗೆ ಸೋಸಿ ಉಳಿದದ್ದು 155/80 R14. ವ್ಯಾಸ 603.6, ಹಳೆಯದಕ್ಕಿಂತ ನೂರಕ್ಕೆ ಒಂದೂ ಕಡಿಮೆಯಿಲ್ಲ. ನಮ್ಮ ರಿಮ್ಮಿಗೆ ಪಟ್ಟಿಯೊಳಗೇ ಬಂತು. ಊರಲ್ಲಿ ಸಿಗಲಿಲ್ಲ, ತರಿಸಲು ಎರಡು ವಾರ ಹಿಡಿಯಿತು, ಬೆಲೆಯೂ ಸ್ವಲ್ಪ ಜಾಸ್ತಿ. "ಅದೇ ದುಡ್ಡಿಗೆ ದಪ್ಪ ಟೈರು ಬರ್ತಿತ್ತು" ಎಂದು ಅಬ್ಬಾ ಗೊಣಗಿದರು. ರಟ್ಟು ಸಿಕ್ಕಿಕೊಂಡದ್ದನ್ನು ದಾದಿಯೇ ನೆನಪಿಸಿ ಅವರ ಬಾಯಿ ಮುಚ್ಚಿಸಿದರು.

ಅಳತೆಯ ಪಕ್ಕದಲ್ಲಿ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. ನಮ್ಮದರಲ್ಲಿ 80T. 80 ಎಂದರೆ ಒಂದು ಟೈರು 450 ಕಿಲೋ ಹೊರಬಲ್ಲದು. ಪದ್ಮಿನಿಯ ತೂಕ ಒಂದು ಟನ್ನಿಗೂ ಕಡಿಮೆ. ಐದು ಜನ, ಸಾಮಾನು ಸೇರಿದರೂ ಧಾರಾಳ ಸಾಕು. T ಎಂದರೆ ಗಂಟೆಗೆ 190 ಕಿಲೋಮೀಟರ್‌ವರೆಗೆ ತಡೆಯುತ್ತದೆ. ದಾದಾರ ಮಟ್ಟಿಗೆ ಇದು ಹಾಸ್ಯ, ಅವರು 50 ದಾಟುವುದಿಲ್ಲ.

ಟ್ಯೂಬ್‌ಲೆಸ್ ಆದರೂ ನಾವು ಒಳಗೆ ಟ್ಯೂಬ್ ಹಾಕಿಸಿದ್ದೇವೆ, ಅದೂ ರೇಡಿಯಲ್‌ಗೆಂದೇ ಬರುವ ಟ್ಯೂಬು. ಈಗಿನ ರಿಮ್ಮುಗಳಲ್ಲಿ ಟೈರಿನ ಅಂಚು ಜಾರದಂತೆ ತಡೆಯುವ ಸಣ್ಣ ಉಬ್ಬು ಇರುತ್ತದೆ. ಟ್ಯೂಬಿನ ಕಾಲದ ರಿಮ್ಮುಗಳಲ್ಲಿ ಅದನ್ನು ನಂಬುವ ಹಾಗಿಲ್ಲ. ಗಾಳಿಯ ಒತ್ತಡ ಹಳೆಯ ಪುಸ್ತಕದಲ್ಲಿರುವುದಕ್ಕಿಂತ ಸ್ವಲ್ಪ ಹೆಚ್ಚು ಇಟ್ಟು ಅಲೈನ್‌ಮೆಂಟ್ ಮಾಡಿಸಿದೆವು. ರೇಡಿಯಲ್‌ನ ಹೊಟ್ಟೆ ಸ್ವಲ್ಪ ಉಬ್ಬಿ ಕಾಣುವುದು ಸಹಜ. ಮೊದಲ ವಾರ ದಾದಾ ಅದನ್ನು ನೋಡಿ ನೋಡಿ, ಗಾಳಿ ಕಡಿಮೆಯಾಗಿದೆ ಎಂದು ಮೂರು ಸಲ ಪಂಕ್ಚರ್ ಅಂಗಡಿಗೆ ಹೋಗಿ ಬಂದರು.

ಆ ನಾಲ್ಕು ಅಂಕಿ ಓದುವ ಚಟ ಮಾತ್ರ ನನಗೆ ಅಂಟಿಕೊಂಡಿದೆ. ಹೋದ ವಾರ ನಮ್ಮ ಕಾಲೇಜಿನ ವಾಹನ ನಿಲ್ಲಿಸುವ ಜಾಗದಲ್ಲಿ ಸುಮ್ಮನೆ ಬಗ್ಗಿ ನೋಡುತ್ತ ಹೋದೆ. ಒಂದು ಸ್ಕೂಟರಿನ ಹಿಂದಿನ ಟೈರಿನಲ್ಲಿ 0911 ಎಂದಿತ್ತು. ಯಾರದೆಂದು ಇಲ್ಲಿ ಬರೆಯುವುದಿಲ್ಲ. ಅವರಿಗೆ ಹೇಳಿಯಾಗಿದೆ, ಇನ್ನೂ ಬದಲಿಸಿಲ್ಲ.